ರಾಡ್ ಕೆಟ್ಟಿಲ್ಲ, ವೋಲ್ಟೇಜ್ ನೋಡಿ

ನೀರು ಕಾಯಿಸೋ ರಾಡ್ ಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಇದೆ, ಅಳೆದರೆ 200 ವೋಲ್ಟ್, 5.7 ಆಂಪಿಯರ್ ಬರುತ್ತಿದೆ, ರಾಡ್ ಹೋಯ್ತಾ ಅಂತ ಕೇಳಿದ್ದೀರಿ. ಇಲ್ಲ, ಚೆನ್ನಾಗಿಯೇ ಇದೆ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ: 200 ÷ 5.7, ಸುಮಾರು 35 ಓಮ್. ಇದು ರಾಡಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. ಈಗ ಕಂಪನಿ ಬರೆದ ಲೆಕ್ಕ ನೋಡಿ. 230ರ ವರ್ಗವನ್ನು 1500ರಿಂದ ಭಾಗಿಸಿದರೆ 35.3 ಓಮ್. ಎರಡೂ ಒಂದೇ ಅಲ್ವಾ?

ಪವರ್ ಮಾತ್ರ ಇಳಿದಿದೆ. 200 × 5.7 ಅಂದರೆ 1140 ವ್ಯಾಟ್. ವೋಲ್ಟೇಜ್ ಶೇ. 13 ಕಡಿಮೆಯಾದರೆ ಕರೆಂಟೂ ಅಷ್ಟೇ ಇಳಿಯುತ್ತದೆ, ಹಾಗಾಗಿ ಪವರ್ ಶೇ. 24 ಹೋಗುತ್ತದೆ. 20 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 28 ನಿಮಿಷದ ಬದಲು 37 ನಿಮಿಷ ಬೇಕು. ಬಿಲ್ ಜಾಸ್ತಿ ಬರುತ್ತೆ ಅಂತ ಹೆದರಬೇಡಿ, ಎರಡರಲ್ಲೂ ಹೆಚ್ಚುಕಮ್ಮಿ 0.7 ಯೂನಿಟ್ಟೇ.

ನನಗೆ ಅನುಮಾನ ಇರೋದು ಬೇರೆ ಕಡೆ. ರಾಡ್ ಆಫ್ ಇದ್ದಾಗ ಅದೇ ಸಾಕೆಟ್‌ನಲ್ಲಿ ಎಷ್ಟು ವೋಲ್ಟ್ ಇದೆ? ಆಗಲೂ 200 ಇದ್ದರೆ ಲೈನಿನಲ್ಲೇ ಕಡಿಮೆ. 230 ಇದ್ದು, ಆನ್ ಮಾಡಿದಾಗ ಮಾತ್ರ ಬಿದ್ದರೆ, ಆ 30 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. 30 × 5.7, ಅಂದರೆ 171 ವ್ಯಾಟ್ ಶಾಖ! ಅದು ವೈರಿಂಗ್‌ನಲ್ಲೋ ಸಡಿಲ ಸ್ಕ್ರೂನಲ್ಲೋ ಹುಟ್ಟುತ್ತಿದೆ. ಸಾಕೆಟ್ ಬಿಸಿಯಾಗುತ್ತಿದ್ದರೆ ಬಳಸುವುದು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ.

ಈ ವೋಲ್ಟ್ × ಆಂಪಿಯರ್ ಗುಣಾಕಾರವನ್ನು ಫ್ಯಾನಿಗೋ ಪಂಪಿಗೋ ಸುಮ್ನೆ ಹಾಕಬೇಡಿ. ಮೋಟಾರಿಗೆ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾದ ಪವರ್ ಎಷ್ಟು ಪಾಲು ಅನ್ನೋ ಸಂಖ್ಯೆ) ಕೂಡ ಸೇರಿಸಿ ಗುಣಿಸಬೇಕು. ಓಮ್ ಅಳೆಯುವುದಾದರೆ ಪ್ಲಗ್ ಕಿತ್ತ ಮೇಲೆಯೇ.