ನಿಮ್ಮ ವಿಮರ್ಶೆಯಲ್ಲಿ ಸದ್ದೇ ಕೇಳಿಸಲಿಲ್ಲ

ತೀರ್ಥಹಳ್ಳಿಯಿಂದ ನೀವು ಕಳಿಸಿದ ಇಂಡಸ್ಟ್ರಿಯಲ್ (ಯಂತ್ರದಂಥ ಕರ್ಕಶ ಸದ್ದುಗಳಿಂದ ಕಟ್ಟುವ ಸಂಗೀತ) ಆಲ್ಬಂ ವಿಮರ್ಶೆ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಿದ್ದುವ ಕೆಲಸವೇ ಬೀಳಲಿಲ್ಲ. ಕನ್ನಡದಲ್ಲಿ ಈ ಸಂಗೀತದ ಬಗ್ಗೆ ಬರೆಯುವವರು ಬೆರಳೆಣಿಕೆ. ಅದಕ್ಕೇ ಲೇಖನ ಹೀಗೇ ಅಚ್ಚಾಗಬಾರದು ಅನ್ನಿಸಿತು.

ನಿಮ್ಮ ಎರಡನೇ ಪ್ಯಾರಾ: “ಭದ್ರಾವತಿ ಕಾರ್ಖಾನೆ ಹೊಕ್ಕಂತೆ ಯಂತ್ರಗಳ ಆರ್ಭಟ, ಕಿರುಚುವ ಗಿಟಾರ್, ಎದೆ ನಡುಗಿಸುವ ಕತ್ತಲು.” ಇದರಲ್ಲಿ ಯಾವುದೂ ಓದುವವರ ಕಿವಿಗೆ ತಲುಪುವುದಿಲ್ಲ. ಆರ್ಭಟ ಯಾವುದರದು? ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದನ್ನು, ಮುದ್ರಿತ ತುಣುಕು ನುಡಿಸುವ ಸ್ಯಾಂಪ್ಲರ್‌ನಲ್ಲಿ ತಾಳಕ್ಕೆ ಕೂರಿಸಿದ್ದಾದರೆ, ಏಟಿನ ನಂತರ ಲೋಹ ಗುಂಯ್ ಎನ್ನುತ್ತದೆ, ಆ ನಾದ ಯಾವ ಸ್ವರಕ್ಕೂ ಸರಿಯಾಗಿ ಕೂರದು. ಡ್ರಮ್ ಮಷೀನಿನ ಕಿಕ್ಕನ್ನು (ದಪ್ಪ ಡ್ರಮ್ಮಿನ ಏಟನ್ನು) ಸದ್ದು ಒಡೆಯುವ ಡಿಸ್ಟಾರ್ಷನ್‌ಗೆ ಹಾಯಿಸಿದ್ದಾದರೆ, ಏಟಿನ ಜೊತೆಗೇ ಸ್ವರ ಸರ್ರನೆ ಕೆಳಗಿಳಿಯುತ್ತದೆ, ಅಂಚು ಗರಗರ ಎನ್ನುತ್ತದೆ. ಇವೆರಡನ್ನೂ ಒಂದೇ ಹೆಸರಲ್ಲಿ ಕರೆದರೆ ವಿಮರ್ಶೆ ಶುರುವೇ ಆಗಿಲ್ಲ.

ಇನ್ನು ಗಿಟಾರ್. ಮೂರನೇ ಹಾಡಿನ ಆ ಸದ್ದು ಸಿಂಥ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ) ಎಂದು ನನಗೆ ಖಾತ್ರಿ. ಗಿಟಾರ್ ಆದರೆ ತಂತಿ ಮೀಟಿದ್ದು, ಬೆರಳು ಜಾರಿದ್ದು ಎಲ್ಲೋ ಒಂದು ಕಡೆ ಕೇಳಿಸುತ್ತದೆ. ಇಲ್ಲಿ ಸ್ವರ ಒಂದೇ ಗಟ್ಟಿಯಲ್ಲಿ ನಿಂತಿರುತ್ತದೆ, ಸದ್ದಿನ ತಾರ ಭಾಗವನ್ನು ತಡೆಯುವ ಫಿಲ್ಟರ್ ತೆರೆದಂತೆ ಮೊಂಡಾಗಿದ್ದದ್ದು ಮೆಲ್ಲಗೆ ಚೂಪಾಗುತ್ತದೆ.

ನಾನು ಕೆಲಸ ಕಲಿಯುವಾಗ ಹಿರಿಯರೊಬ್ಬರು ಪ್ರತಿ ವಿಶೇಷಣದ ಪಕ್ಕ ಕೆಂಪು ಶಾಯಿಯಲ್ಲಿ “ಎಲ್ಲಿ?” ಎಂದು ಬರೆದು ವಾಪಸ್ ಕೊಡುತ್ತಿದ್ದರು. ನಿಮ್ಮ ಪ್ರತಿಯಲ್ಲಿ ನಾನೂ ಅದನ್ನೇ ಬರೆದಿದ್ದೇನೆ. 2 ನಿಮಿಷ 10 ಸೆಕೆಂಡಿನಲ್ಲೋ, ಕೊನೆಯಲ್ಲೋ, ಹೇಳಿ.

ನನಗೆ ನಿಜಕ್ಕೂ ಬೇಸರವಾದದ್ದು ಈ ಸಾಲು: “ಬೇಸ್ ತೆಳು, ಐದನೇ ಹಾಡಿನಲ್ಲಿ ಎರಡು ನಿಮಿಷ ಏನೂ ಇಲ್ಲ.” ಆಷಾಢದ ಮಳೆಯಲ್ಲಿ, ಫೋನಿನ ಸ್ಪೀಕರ್‌ನಲ್ಲಿ ಕೇಳಿದೆ ಎಂದು ನೀವೇ ಬರೆದಿದ್ದೀರಿ. ಅಷ್ಟು ಸಣ್ಣ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ನುಡಿಯದು. ರೋಲ್ಯಾಂಡ್ 808 ಡ್ರಮ್ ಮಷೀನಿನ ಬಗೆಯ ಕಿಕ್ಕಿನ ಮೂಲ ಸ್ವರವೇ ಸುಮಾರು 50 ಹರ್ಟ್ಸ್. ನಿಮಗೆ ಸಿಕ್ಕಿದ್ದು ಏಟಿನ ತುದಿ ಮಾತ್ರ. ತಗಡಿನ ಮಾಡಿನ ಮೇಲೆ ಹೊಯ್ಯುವ ಮಳೆಯಂತೂ ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ತುಂಬುವ ಸದ್ದು. ಸಣ್ಣ ಹಿಸ್, ರಿವರ್ಬಿನ (ಅನುರಣನದ) ಬಾಲ ಅದರಡಿ ಮುಚ್ಚಿಹೋಗುತ್ತವೆ. ಈ ಹಾಡಿನಂಥ, ತಾಳಕ್ಕಿಂತ ವಾತಾವರಣವನ್ನೇ ಕಟ್ಟುವ ಡಾರ್ಕ್ ಆಂಬಿಯೆಂಟ್‌ನಲ್ಲಿ ಹಾಡು ನಡೆಯುವುದೇ ಆ ಪದರಗಳಲ್ಲಿ. ಆ ಎರಡು ನಿಮಿಷದಲ್ಲಿ, ತಂಬೂರಿಯ ಶ್ರುತಿಯಂತೆ ಬಿಡದೆ ನಿಲ್ಲುವ ಎರಡು ಡ್ರೋನ್‌ಗಳಿವೆ. ಅವುಗಳ ಅಂತರ ಸುಮಾರು 2 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಮಿಡಿತ ಹುಟ್ಟುತ್ತದೆ. ಇಡೀ ಆಲ್ಬಂನಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು.

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತನ್ನಿ, ದುಬಾರಿಯದೇ ಆಗಬೇಕಿಲ್ಲ. ಬೇಸ್ ಬೂಸ್ಟ್, ಈಕ್ವಲೈಸರ್ ಎರಡೂ ಆಫ್ ಇರಲಿ. ಮೊದಲ ಸಲ ಪೆನ್ನು ಮುಟ್ಟದೆ ಕೇಳಿ, ಎರಡನೇ ಸಲ ಸಮಯ ಗುರುತು ಹಾಕಿ. “ಹಿಂದಿನ ಆಲ್ಬಂಗಿಂತ ಪವರ್‌ಫುಲ್” ಎನ್ನುವ ಮುಂಚೆ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. 1 ಡೆಸಿಬಲ್ ಜೋರಿದ್ದರೂ ಕಿವಿ ಅದರ ಕಡೆಗೇ ವಾಲುತ್ತದೆ.

ಇಂಡಸ್ಟ್ರಿಯಲ್ ಪ್ರಕಾರವೇ ಅಮೆರಿಕದ ತಂಡ ನೈನ್ ಇಂಚ್ ನೇಲ್ಸ್‌ನಿಂದ ಹುಟ್ಟಿತು ಎಂಬ ನಿಮ್ಮ ಮಾತನ್ನು ಹೊಡೆದುಹಾಕಿದ್ದೇನೆ. ಅವರ ಮೊದಲ ಆಲ್ಬಂ 1989ರದ್ದು. ಬ್ರಿಟನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ಈ ಪ್ರಕಾರಕ್ಕೆ ಹೆಸರು ಕೊಟ್ಟ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ಶುರುಮಾಡಿದ್ದು 1976ರಲ್ಲಿ.

ಭದ್ರಾವತಿ ಸಾಲನ್ನು ತೆಗೆಯಿರಿ ಎನ್ನುತ್ತಿಲ್ಲ. ಕಾರ್ಖಾನೆಯ ಯಾವ ಸದ್ದು, ಹಾಡಿನ ಎಷ್ಟನೇ ಸೆಕೆಂಡು ಎಂದು ಸೇರಿಸಿದರೆ ಉಳಿಸಿಕೊಳ್ಳುತ್ತೇನೆ. ಐದನೇ ಹಾಡಿನ ಪ್ಯಾರಾ ಮಾತ್ರ ಪೂರ್ತಿ ಹೊಸದಾಗಿ ಬರೆದು ಕಳಿಸಿ.