ಸೊಂಟದ ಸ್ನಾಯುಗಳ ಬಲವನ್ನು ಕ್ಲಿನಿಕ್‌ನಲ್ಲಿ ನಂಬುವಂತೆ ಅಳೆಯುವುದು ಹೇಗೆ?

ಕೈಯಿಂದ ಒತ್ತಿ 0ರಿಂದ 5ರವರೆಗೆ ಗ್ರೇಡ್ ಕೊಡುವ ಪದ್ಧತಿ ತೀರಾ ದುರ್ಬಲ ಸ್ನಾಯುಗಳಿಗೆ ಸಾಕು. ಆದರೆ ಓಡಾಡುವ ರೋಗಿಗಳಲ್ಲಿ ಹೆಚ್ಚಿನವರು 4 ಅಥವಾ 5ರಲ್ಲೇ ಬಂದು ನಿಲ್ಲುತ್ತಾರೆ, ನಡುವಿನ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹಾಗಾಗಿ ಕೈಯಲ್ಲಿ ಹಿಡಿಯುವ ಡೈನಮೋಮೀಟರ್, ಅಂದರೆ ಒತ್ತುವ ಬಲವನ್ನು ಅಂಕಿಯಲ್ಲಿ ತೋರಿಸುವ ಉಪಕರಣ, ಬಳಸಿ.

ಉಪಕರಣ ಇದ್ದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ. ಸೊಂಟದ ಸ್ನಾಯುಗಳು ಬಲಶಾಲಿ. ರೋಗಿ ಒತ್ತಿದಾಗ ಪರೀಕ್ಷಕರ ಕೈ ಹಿಂದೆ ಸರಿದರೆ ಪರದೆಯ ಮೇಲೆ ಬರುವುದು ಪರೀಕ್ಷಕರ ಬಲ. ಡೈನಮೋಮೀಟರನ್ನು ಬೆಲ್ಟ್‌ನಿಂದ ಗಟ್ಟಿ ಆಧಾರಕ್ಕೆ ಬಿಗಿಯಿರಿ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ.

ಒತ್ತುವ ಜಾಗವೂ ಪ್ರತಿ ಸಲ ಒಂದೇ ಇರಬೇಕು, ಉದಾಹರಣೆಗೆ ಹೊರ ಕಣಕಾಲು ಗಂಟಿಗಿಂತ 5 ಸೆಂ.ಮೀ. ಮೇಲೆ. ಸೊಂಟದ ಕೀಲಿನಿಂದ ಅಲ್ಲಿಯವರೆಗಿನ ದೂರವನ್ನು ಟೇಪಿನಿಂದ ಅಳೆದು ಬಲದೊಂದಿಗೆ ಗುಣಿಸಿ, ದೇಹತೂಕದಿಂದ ಭಾಗಿಸಿ. 120 ನ್ಯೂಟನ್, 0.75 ಮೀಟರ್, 60 ಕೆ.ಜಿ. ಎಂದರೆ ಕೆ.ಜಿ.ಗೆ 1.5 ನ್ಯೂಟನ್ ಮೀಟರ್. ಹೀಗೆ ಮಾಡಿದರಷ್ಟೇ ಉದ್ದ ಕಾಲಿನವರನ್ನೂ ಗಿಡ್ಡ ಕಾಲಿನವರನ್ನೂ ಹೋಲಿಸಲು ಬರುತ್ತದೆ.

ಒಂದು ಅಭ್ಯಾಸದ ಪ್ರಯತ್ನ, ಆಮೇಲೆ ಮೂರು ಅಳತೆ. ರೋಗಿ ನಿಧಾನವಾಗಿ ಬಲ ಏರಿಸಿ 3ರಿಂದ 5 ಸೆಕೆಂಡ್ ಹಿಡಿಯಲಿ, ನಡುವೆ ಅರ್ಧ ನಿಮಿಷವಾದರೂ ವಿಶ್ರಾಂತಿ ಕೊಡಿ. ಮಗ್ಗುಲಾಗಿ ಮಲಗಿ ಕಾಲನ್ನು ಹೊರಕ್ಕೆ ಎತ್ತುವಾಗ ಕಾಲ್ಬೆರಳುಗಳ ಮೇಲೆ ಕಣ್ಣಿಡಿ: ಅವು ಚಾವಣಿಯತ್ತ ತಿರುಗಿ ಸೊಂಟ ಹಿಂದಕ್ಕೆ ಉರುಳಿದರೆ ಬೇರೆ ಸ್ನಾಯುಗಳು ಕೆಲಸ ಕದಿಯುತ್ತಿವೆ, ಆ ಅಳತೆಯನ್ನು ಬಿಟ್ಟುಬಿಡಿ. ನೋವು ಬಂದರೆ ಅದನ್ನೂ ಬರೆದಿಡಿ, ಯಾಕೆಂದರೆ ನೋವಿನಿಂದ ಕಡಿಮೆಯಾದ ಅಂಕಿ ದೌರ್ಬಲ್ಯವೇ ಆಗಬೇಕಿಲ್ಲ. ಮುಂದಿನ ಸಲವೂ ಅದೇ ಭಂಗಿ, ಸಾಧ್ಯವಾದರೆ ಅದೇ ಪರೀಕ್ಷಕರು ಇರಲಿ.