ಚಿಕ್ಕೋಡಿಯ ಹುಡುಗ, ಡೆಟ್ರಾಯಿಟ್‌ನ ಎಂಪಿ

ಪ್ರಶ್ನೆ: ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಠಾಣೇದಾರ್ ಅಮೆರಿಕದಲ್ಲಿ ಸಂಸದರಾಗಿದ್ದಾರೆ. ಬಡತನದಿಂದ ಮೇಲೆ ಬಂದವರು, ನೂರಾರು ಜನರಿಗೆ ಕೆಲಸ ಕೊಟ್ಟವರು ಅಂತ ಊರಲ್ಲಿ ಹೇಳುತ್ತಾರೆ. ಎಷ್ಟು ನಿಜ ಸರ್? ಕೆಲಸ, ಸಂಬಳದ ವಿಷಯದಲ್ಲಿ ಅವರ ನಿಲುವೇನು?
– ಓದುಗ, ಚಿಕ್ಕೋಡಿ

ಉತ್ತರ: ಮೊದಲು ಹೆಸರು. ‘ಶ್ರೀ’ ಅನ್ನುವುದು ಗೌರವಕ್ಕೆ ಹಚ್ಚಿದ್ದಲ್ಲ, ಅವರ ಹೆಸರೇ ಅದು. ಗೌರವಕ್ಕೆಂದು ಇನ್ನೊಂದು ಶ್ರೀ ಸೇರಿಸಿದಿರೋ, ಯಾವುದೋ ಮಠದ ಸ್ವಾಮೀಜಿ ಆಗಿಬಿಡುತ್ತಾರೆ!

ಬಡತನದ ಮಾತು ನಿಜ. ಹುಟ್ಟಿದ್ದು 1955ರಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಸಂಬಳ ನಿಂತಿತು. ಮನೆಯಲ್ಲಿ ಎಂಟು ಹೊಟ್ಟೆ. ಸಿಕ್ಕ ಕೆಲಸ ಮಾಡುತ್ತಲೇ ಓದಿ ಹದಿನೆಂಟಕ್ಕೆ ಕೆಮಿಸ್ಟ್ರಿ ಡಿಗ್ರಿ ಮುಗಿಸಿದರು. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಸ್ವಲ್ಪ ಕಾಲ ಇದ್ದು, 1979ರಲ್ಲಿ ಅಮೆರಿಕಕ್ಕೆ ಹೋಗಿ ಅಕ್ರನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿದರು.

ಇನ್ನು ‘ಕೆಲಸ ಕೊಟ್ಟವರು’ ಅನ್ನುವ ಮಾತು. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಲೇ ರಿಟೈರ್ ಆದವನು ನಾನು, ಈ ಮಾತು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಒಮ್ಮೆ ವಡಗಾವಿಯ ಪವರ್‌ಲೂಮ್ ಮಾಲೀಕರೊಬ್ಬರು ಅರ್ಜಿಯಲ್ಲಿ ‘12 ಜನರಿಗೆ ಉದ್ಯೋಗ’ ಅಂತ ಬರೆದಿದ್ದರು. ಹೇಳದೆ ಕೇಳದೆ ಮಧ್ಯಾಹ್ನ ಇನ್‌ಸ್ಪೆಕ್ಷನ್‌ಗೆ ಹೋದೆ. ಎರಡು ಮಗ್ಗ ಓಡುತ್ತಿದ್ದವು, ಇದ್ದವರು ನಾಲ್ಕು ಜನ. ಅದರಲ್ಲೊಬ್ಬ ಚಹಾ ತಂದುಕೊಡಲು ಬಂದ ಹುಡುಗ. ಮಾಲೀಕರು ಕೆಟ್ಟವರೇನಲ್ಲ. ಹಿಂದಿನ ವರ್ಷ ಹನ್ನೆರಡು ಜನ ಇದ್ದದ್ದೂ ನಿಜವೇ. ಅಂದಿನಿಂದ ಯಾರೇ ಉದ್ಯೋಗದ ಲೆಕ್ಕ ಹೇಳಲಿ, ಯಾವ ವರ್ಷದ್ದು ಅಂತ ಕೇಳುತ್ತೇನೆ.

ಠಾಣೇದಾರ್ 1991ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆಮಿರ್ ಅನ್ನುವ ಪುಟ್ಟ ಲ್ಯಾಬ್ ಕೊಂಡರು, 75 ಸಾವಿರ ಡಾಲರಿಗೆ. ಬೇರೆ ಕಂಪನಿಗಳು ಕಳಿಸಿದ ಸ್ಯಾಂಪಲ್‌ನಲ್ಲಿ ಏನೇನಿದೆ ಅಂತ ಪರೀಕ್ಷಿಸಿ ಹೇಳುವ ವ್ಯವಹಾರ. ಚೆನ್ನಾಗಿ ಬೆಳೆಯಿತು. ಸಾಲ ತೆಗೆದು ಇನ್ನಷ್ಟು ಕಂಪನಿ ಕೊಂಡರು. ಆಗ ನೂರಾರು ಜನಕ್ಕೆ ಕೆಲಸ ಇದ್ದದ್ದು ಹೌದು. 2008ರ ಆರ್ಥಿಕ ಕುಸಿತದ ಹೊಡೆತ ಬಿತ್ತು, ಕಂತು ನಿಂತಿತು, 2010ರಲ್ಲಿ ಬ್ಯಾಂಕು ಕಂಪನಿಗಳನ್ನು ವಶಕ್ಕೆ ತೆಗೆದುಕೊಂಡಿತು. ನ್ಯೂಜೆರ್ಸಿಯಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಅವರದೇ ಒಂದು ಲ್ಯಾಬ್ ಇತ್ತು. ಬಾಗಿಲು ಮುಚ್ಚಿದಾಗ ನೂರಕ್ಕೂ ಜಾಸ್ತಿ ಬೀಗಲ್ ನಾಯಿಗಳು, ಜೊತೆಗೆ ಮಂಗಗಳು ಒಳಗೇ ಉಳಿದವು. ಆಮೇಲೆ ಪ್ರಾಣಿದಯಾ ಸಂಘದವರು ಅವಕ್ಕೆ ನೆಲೆ ಹುಡುಕಿದರು. 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಥರದ ಹುದ್ದೆ) ಚುನಾವಣೆಗೆ ಇವರು ಇಳಿದಾಗ ಆ ನಾಯಿಗಳ ಪ್ರಶ್ನೆ ಮತ್ತೆ ಎದ್ದಿತು. ಬ್ಯಾಂಕ್ ವಶಪಡಿಸಿಕೊಂಡ ಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ ಅನ್ನುವುದು ಅವರ ಉತ್ತರ.

2010ರಲ್ಲೇ ಆನ್ ಆರ್ಬರ್‌ನಲ್ಲಿ ಅವೊಮೀನ್ ಅನ್ನುವ ಇನ್ನೊಂದು ಲ್ಯಾಬ್ ಶುರು ಮಾಡಿ, 2016ರಲ್ಲಿ ಅದರ ಬಹುಪಾಲು ಮಾರಿದರು. ಬಿದ್ದು ಮತ್ತೆ ಎದ್ದದ್ದಕ್ಕೆ ನಾನು ಮಾರ್ಕ್ಸ್ ಕೊಡುತ್ತೇನೆ. ಆದರೆ 2010 ಬಿಟ್ಟು ಕಥೆ ಹೇಳುವವರನ್ನು ಸುಮ್ನೆ ನಂಬಬೇಡಿ.

ನಿಲುವಿನ ವಿಷಯ. 2018ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ, ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬೇಕು ಎಂದರು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ 7.25 ಡಾಲರ್. ಲ್ಯಾಬ್ ಮಾಲೀಕರ ಬಾಯಲ್ಲಿ ಅದರ ದುಪ್ಪಟ್ಟು ಬಂದದ್ದು ದೊಡ್ಡದೇ. ಸ್ವಂತ ದುಡ್ಡು ಕೋಟಿ ಡಾಲರಿಗೂ ಮೇಲೆ ಸುರಿದು, ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ (ಪಕ್ಷದ ಅಭ್ಯರ್ಥಿ ಯಾರು ಅಂತ ಮತ ಹಾಕಿ ಆರಿಸುವುದು) ಮೂರನೆಯವರಾದರು. 2022ರಲ್ಲಿ ಸಂಸತ್ತಿಗೆ ನಿಂತಾಗ ಒಂಬತ್ತು ಜನರ ಒಳಚುನಾವಣೆಯಲ್ಲಿ ಸುಮಾರು ಶೇ 28 ಮತಕ್ಕೇ ಗೆದ್ದರು! ಸಂಸತ್ತಿಗೆ ಹೋದ ಮೇಲೆ ಸಣ್ಣ ಉದ್ದಿಮೆಗಳ ಸಮಿತಿಯಲ್ಲಿ ಕೂತರು.

ನನಗೆ ಅನುಮಾನ ಇರುವುದು ಅವರ ಕ್ಷೇತ್ರ ಡೆಟ್ರಾಯಿಟ್ ಬಗ್ಗೆ. 1950ರಲ್ಲಿ ಡೆಟ್ರಾಯಿಟ್‌ನಲ್ಲಿ 18.5 ಲಕ್ಷ ಜನ, 2020ರಲ್ಲಿ 6.4 ಲಕ್ಷ. 2013ರಲ್ಲಿ ನಗರವೇ ದಿವಾಳಿ ಎದ್ದಿತ್ತು. ಅಲ್ಲಿ ಹೋದದ್ದು ಕಾರ್ಖಾನೆಯ ಕೆಲಸ, ಹೈಸ್ಕೂಲು ಓದಿದವರೂ ಮನೆ ಕಟ್ಟಿಕೊಳ್ಳುವಂಥದ್ದು. ಇವರಿಗೆ ಗೊತ್ತಿರುವುದು ಡಿಗ್ರಿಯವರು ಮಾಡುವ ಲ್ಯಾಬ್ ಕೆಲಸ. ಎರಡೂ ಒಂದೇ ಅಲ್ಲ, ಅಲ್ವಾ?

ಪ್ರಶ್ನೆ: ನಮ್ಮ ಅಭ್ಯರ್ಥಿಗಳ ಜಾತಕವನ್ನೂ ಹೀಗೆ ನೋಡಬಹುದಾ?
– ಓದುಗಿ, ರಾಯಬಾಗ

ಉತ್ತರ: ನೋಡಬಹುದಮ್ಮ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ (ಫಾರ್ಮ್ 26) ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಐದು ವರ್ಷದ ಆದಾಯ, ಆಸ್ತಿ, ಕೇಸು ಎಲ್ಲ ಇರುತ್ತದೆ. ಜನ ಆಸ್ತಿ ನೋಡಿ ಬಾಯಿ ಬಿಡುತ್ತಾರೆ. ನೀವು ಬ್ಯಾಂಕು, ಸರ್ಕಾರಕ್ಕೆ ಕೊಡಬೇಕಾದ ಬಾಕಿಯ ಪುಟ ತೆಗೆಯಿರಿ. ಎಷ್ಟು ಜನಕ್ಕೆ ಕೆಲಸ ಕೊಟ್ಟಿದ್ದೀರಿ ಅನ್ನುವ ಕಾಲಂ ಅದರಲ್ಲಿಲ್ಲ. ವೋಟು ಕೇಳಲು ಮನೆ ಮುಂದೆ ಬಂದಾಗ ನೀವೇ ಕೇಳಿ. ಯಾವ ವರ್ಷ ಅನ್ನುವುದನ್ನೂ ಸೇರಿಸಿ.